ಸಿವಿಕ್‌ಗೆ ಕೆ20: ಹಳೆ ಎಂಜಿನ್ ಇಳಿಸುವ ಮೊದಲೇ ಮುಗಿಯಬೇಕಾದ ಕೆಲಸಗಳು

ಕಾರು 1996ರಿಂದ 2000ದ ನಡುವಿನ ಹೋಂಡಾ ಸಿವಿಕ್. ಈಗಿರುವುದು 1.6 ಲೀಟರಿನ ಡಿ16ವೈ8 ಎಂಜಿನ್ ಮತ್ತು ಐದು ಗೇರಿನ ಬಾಕ್ಸ್. ಹಾಕಬೇಕಿರುವುದು 2002–2004ರ ಅಕ್ಯುರಾ ಆರ್‌ಎಸ್‌ಎಕ್ಸ್ ಟೈಪ್-ಎಸ್ ಕಾರಿನ ಕೆ20ಎ2 (ಮುಂದೆ ಬರೀ ಕೆ20 ಎಂದರೆ ಇದೇ), ಅದರದೇ ಆರು ಗೇರಿನ ಬಾಕ್ಸ್ ಸಮೇತ. ಕಾಗದದ ಮೇಲೆ 127 ಹಾರ್ಸ್‌ಪವರ್ ಹೋಗಿ 200 ಬರುತ್ತದೆ, ಟಾರ್ಕ್ 145 ನ್ಯೂಟನ್ ಮೀಟರ್‌ನಿಂದ 193ಕ್ಕೆ ಏರುತ್ತದೆ. ಅಷ್ಟನ್ನೇ ನೋಡಿ ಎಂಜಿನ್ ಇಳಿಸಿಬಿಟ್ಟ ಕಾರುಗಳು ಶೆಡ್ಡಿನಲ್ಲಿ ಚಕ್ರವಿಲ್ಲದೆ ವರ್ಷಗಟ್ಟಲೆ ಕೂತಿರುವುದುಂಟು. ಅವನ್ನು ಕೂರಿಸಿದ್ದು ಎಂಜಿನ್ ಅಲ್ಲ. ಒಂದು ಹೋಸು, ಒಂದು ಕೇಬಲ್ಲು, ಅಳತೆಗೆ ಬರದ ಒಂದು ಆಕ್ಸಲ್. ಆದ್ದರಿಂದ ಇಲ್ಲಿ ಇಟ್ಟುಕೊಂಡ ನಿಯಮ ಒಂದೇ: ಪಟ್ಟಿಯ ಕೊನೆಯ ಕ್ಲಿಪ್ಪಿನವರೆಗೆ ಎಲ್ಲ ಕೈಗೆ ಬಂದು, ಅಳೆದು, ಪರೀಕ್ಷಿಸಿ ಆಗುವತನಕ ಹಳೆ ಎಂಜಿನ್ ಓಡುತ್ತಲೇ ಇರಬೇಕು.

ಅದಕ್ಕೂ ಮೊದಲು ಕಾಗದಪತ್ರ. ಎಂಜಿನ್ ನಂಬರ್ ಬದಲಾದರೆ ನೋಂದಣಿ, ಹೊಗೆ ಪರೀಕ್ಷೆ, ಇನ್ಶೂರೆನ್ಸ್ ಮೂರೂ ಬದಲಾಗಬೇಕಾಗುತ್ತದೆ. ಕಾರು ಓಡುವ ಊರಿನ ನಿಯಮ ಇದಕ್ಕೆ ಒಪ್ಪುತ್ತದೆಯೇ ಎಂದು ಬರಹದಲ್ಲಿ ತಿಳಿದುಕೊಳ್ಳದೆ ಒಂದು ಬೋಲ್ಟನ್ನೂ ಕೊಳ್ಳಬೇಡಿ.

ಎಡ ಬಲಕ್ಕೆ, ಹಿಂದು ಮುಂದಕ್ಕೆ

ಈ ಕೂಡಿಕೆಯ ಎಲ್ಲ ತಲೆನೋವೂ ಒಂದೇ ಬೇರಿನಿಂದ ಹುಟ್ಟುತ್ತದೆ. ಡಿ16ರಲ್ಲಿ ಟೈಮಿಂಗ್ ಬೆಲ್ಟ್ ಕಾರಿನ ಎಡಕ್ಕಿದೆ, ಗೇರ್ ಬಾಕ್ಸ್ ಬಲಕ್ಕಿದೆ. ಪುಲ್ಲಿ ಕಡೆಯಿಂದ ನೋಡಿದರೆ ಕ್ರ್ಯಾಂಕ್ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತದೆ. ಕೆ20ರಲ್ಲಿ ಟೈಮಿಂಗ್ ಚೈನ್ ಬಲಕ್ಕೆ, ಗೇರ್ ಬಾಕ್ಸ್ ಎಡಕ್ಕೆ, ಕ್ರ್ಯಾಂಕ್ ಗಡಿಯಾರದ ದಿಕ್ಕಿಗೆ. ಡಿ16ರ ಇನ್‌ಟೇಕ್ (ಗಾಳಿ ಒಳಬರುವ ಕಡೆ) ಫೈರ್‌ವಾಲ್, ಅಂದರೆ ಎಂಜಿನ್ ಕೋಣೆಗೂ ಕಾರಿನೊಳಗೂ ನಡುವಿನ ತಗಡಿನ ಗೋಡೆ, ಕಡೆಗಿದ್ದು ಎಕ್ಸಾಸ್ಟ್ ಮುಂದಿತ್ತು. ಕೆ20ರಲ್ಲಿ ಇನ್‌ಟೇಕ್ ಮುಂದೆ, ಎಕ್ಸಾಸ್ಟ್ ಹಿಂದೆ. ಮೌಂಟಿಂಗ್, ಆಕ್ಸಲ್, ಗೇರ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಹೀಟರ್ ಹೋಸ್, ಕ್ಲಚ್ ಪೈಪ್, ಸ್ಟಾರ್ಟರ್ ವೈರ್, ಸೈಲೆನ್ಸರಿನ ಮುಂದಿನ ತುಂಡು, ಹಳೆ ಎಂಜಿನ್ನಿಗೆ ತಾಗಿಕೊಂಡಿದ್ದ ಯಾವುದೂ ಹಾಗೇ ಹೊಸದಕ್ಕೆ ಬರುವುದಿಲ್ಲ. 'ಹೊಂದಿಸಿಕೊಂಡರಾಯಿತು' ಅನ್ನುವ ಮಾತು ಇಲ್ಲಿ ನಡೆಯುವುದು ಕಮ್ಮಿ.

ಎಡ–ಬಲ ಬದಲಾದರೂ ಕಾರಿನ ಲೆಕ್ಕದಲ್ಲಿ ಎರಡೂ ಕ್ರ್ಯಾಂಕ್‌ಗಳು ಚಕ್ರ ಮುಂದೆ ಉರುಳುವ ದಿಕ್ಕಿಗೇ ತಿರುಗುತ್ತವೆ. ಇದು ಬರೀ ಕುತೂಹಲದ ಸಂಗತಿ ಅಲ್ಲ. ಚಕ್ರವನ್ನು ಮುಂದಕ್ಕೆ ತಿರುಗಿಸುವ ಬಲಕ್ಕೆ ಪ್ರತಿಯಾಗಿ ಎಂಜಿನ್ನೂ ಗೇರ್ ಬಾಕ್ಸೂ ಒಟ್ಟಾಗಿ ತಲೆಯನ್ನು ಹಿಂದಕ್ಕೆ, ಅಂದರೆ ಫೈರ್‌ವಾಲ್ ಕಡೆಗೆ ವಾಲಿಸುತ್ತವೆ. ಕೆ20ರಲ್ಲಿ ಅದೇ ಜಾಗದಲ್ಲಿ ಕೆಂಪಗೆ ಕಾಯುವ ಎಕ್ಸಾಸ್ಟ್ ಹೆಡರ್ (ಸಿಲಿಂಡರುಗಳ ಹೊಗೆ ಕೂಡುವ ಪೈಪುಗಳ ಗೊಂಚಲು) ಇದೆ. ರಿವರ್ಸ್ ಹಾಕಿದಾಗ ತಲೆ ಮುಂದಕ್ಕೆ ಬಂದು ಇನ್‌ಟೇಕ್ ರೇಡಿಯೇಟರ್ ಫ್ಯಾನ್ ಕಡೆಗೆ ನೂಕುತ್ತದೆ. ಎಷ್ಟು ಬಲ? ಮೊದಲ ಗೇರು 3.267, ಫೈನಲ್ ಡ್ರೈವ್ 4.389; 193ರಿಂದ ಗುಣಿಸಿದರೆ ಸುಮಾರು 2,770 ನ್ಯೂಟನ್ ಮೀಟರ್. ಕ್ಲಚ್ಚನ್ನು ತಟಕ್ಕನೆ ಬಿಟ್ಟರೆ ಇನ್ನೂ ಜಾಸ್ತಿ. ಎಲ್ಲಿ ಎಷ್ಟು ಸಂದು ಬಿಡಬೇಕು ಎನ್ನುವ ಪ್ರಶ್ನೆ ಬಂದಾಗಲೆಲ್ಲ ಈ ಅಂಕಿಗೆ ಮರಳುತ್ತೇವೆ.

ಯಾವ ಎಂಜಿನ್, ಯಾವ ಸೆಟ್

ಕೆ20ಎ2ರ ಬೋರ್ ಮತ್ತು ಸ್ಟ್ರೋಕ್ ಎರಡೂ 86 ಮಿ.ಮೀ., ಸಾಮರ್ಥ್ಯ 1,998 ಸಿಸಿ, ಕಂಪ್ರೆಷನ್ 11.0. ಇದರ ಹೆಸರಲ್ಲಿ ಕೆ20ಎ3 ಮಾರುವವರಿದ್ದಾರೆ. ಹೊರಗಿಂದ ಅಣ್ಣತಮ್ಮಂದಿರಂತೆ ಕಂಡರೂ ಎ3ರದು 160 ಹಾರ್ಸ್‌ಪವರ್, 9.8 ಕಂಪ್ರೆಷನ್, ಒಳಗಿನ ವಿಟೆಕ್ (ಎಂಜಿನ್ ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ಅಳತೆ ಬದಲಿಸುವ) ವ್ಯವಸ್ಥೆಯೇ ಬೇರೆ. ಗೇರ್ ಬಾಕ್ಸ್ ಸೇರುವ ಮಗ್ಗುಲಲ್ಲಿ ಬ್ಲಾಕ್ ಮೇಲೆ ಕೊರೆದ ಸಂಖ್ಯೆಯನ್ನು ಬಟ್ಟೆಯಿಂದ ಒರೆಸಿ ಓದಿ. ಫೋಟೋ ನೋಡಿ ಕೊಳ್ಳುವ ಸಾಮಾನಲ್ಲ ಇದು.

2.4 ಲೀಟರಿನ ಕೆ24ಎ2 ಹಾಕುವ ಆಸೆ ಸಹಜ. ಆದರೆ ಅದರ ಸ್ಟ್ರೋಕ್ 99 ಮಿ.ಮೀ. ಇರುವುದರಿಂದ ಬ್ಲಾಕಿನ ಎತ್ತರ 212ರಿಂದ 231.5 ಮಿ.ಮೀ.ಗೆ ಏರುತ್ತದೆ. ಆ 19.5 ಮಿ.ಮೀ. ಸಿವಿಕ್ ಬಾನೆಟ್ಟಿನ ಕೆಳಗೆ ಸಣ್ಣ ವಿಷಯವಲ್ಲ. ಮೇಲಾಗಿ ಅದರ ಥ್ರಾಟಲ್ ಎಲೆಕ್ಟ್ರಾನಿಕ್. ಕೇಬಲ್ ಆಕ್ಸಿಲರೇಟರ್ ಇರುವ ಕಾರಿಗೆ ಪೆಡಲಿನಿಂದಲೇ ಬದಲಾವಣೆ ಶುರುವಾಗುತ್ತದೆ, ಇಲ್ಲವೇ ಇನ್‌ಟೇಕ್ ಮತ್ತು ಥ್ರಾಟಲ್ ಬಾಡಿಯನ್ನು ಬದಲಿಸಬೇಕು. ಮೊದಲ ಸಲ ಮಾಡುವವರಿಗೆ ಕೇಬಲ್ ಥ್ರಾಟಲ್ಲಿನ ಕೆ20ಎ2 ಸಾಕು, ಬೇಕಾದಷ್ಟು.

ಕೊಳ್ಳುವಾಗ ಬರೀ ಎಂಜಿನ್ ಕೊಳ್ಳಬೇಡಿ. ಗೇರ್ ಬಾಕ್ಸ್, ಮಧ್ಯದ ಶಾಫ್ಟ್, ಗೇರ್ ಲಿವರ್ ಪೆಟ್ಟಿಗೆ, ಎರಡೂ ಗೇರ್ ಕೇಬಲ್, ಕ್ಲಚ್ ಸ್ಲೇವ್ ಸಿಲಿಂಡರ್ (ಬಾಕ್ಸಿನ ಕಡೆ ಕ್ಲಚ್ಚನ್ನು ತಳ್ಳುವುದು), ಸ್ಟಾರ್ಟರ್, ಆಲ್ಟರ್ನೇಟರ್, ಥ್ರಾಟಲ್ ಕೇಬಲ್, ಕತ್ತರಿಸದ ಎಂಜಿನ್ ವೈರಿಂಗ್ (ಹಾರ್ನೆಸ್), ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಒಂದೇ ಕಾರಿನಿಂದ ಬಂದಿರಬೇಕು. ಕತ್ತರಿಸದ ಅನ್ನುವುದಕ್ಕೆ ಒತ್ತು. ಎಂಜಿನ್ ಇಳಿಸುವ ಅವಸರದಲ್ಲಿ ಹಾರ್ನೆಸ್ಸನ್ನು ಕಟ್ಟರಿನಿಂದ ತುಂಡರಿಸಿದ ಸೆಟ್ ಅಗ್ಗಕ್ಕೆ ಸಿಗುತ್ತದೆ. ಉಳಿಸಿದ್ದನ್ನೆಲ್ಲ ಆಮೇಲೆ ಸೆನ್ಸರ್ ಕನೆಕ್ಟರುಗಳೇ ನುಂಗುತ್ತವೆ.

ನೆಲದ ಮೇಲೆ ತಪಾಸಣೆ

ಎಂಜಿನ್ ನೆಲದ ಮೇಲಿರುವಾಗ ಅರ್ಧ ಗಂಟೆಯಲ್ಲಿ ಆಗುವ ಕೆಲಸಕ್ಕೆ ಕಾರಿನೊಳಗೆ ಇಡೀ ದಿನ ಬೇಕು. ಕಂಪ್ರೆಷನ್ ನೋಡಿ: ಕನಿಷ್ಠ 930 ಕಿಲೋಪ್ಯಾಸ್ಕಲ್, ಸಿಲಿಂಡರ್‌ಗಳ ನಡುವೆ ಹೆಚ್ಚೆಂದರೆ 200ರ ವ್ಯತ್ಯಾಸ. ಥ್ರಾಟಲ್ ಪೂರ್ತಿ ತೆರೆದು, ನಾಲ್ಕೂ ಪ್ಲಗ್ ತೆಗೆದು, ಒಳ್ಳೆ ಬ್ಯಾಟರಿಯಿಂದ ತಿರುಗಿಸಬೇಕು. ಬ್ಯಾಟರಿ ಸೊರಗಿದ್ದರೆ ಅಂಕಿಯೂ ಸೊರಗುತ್ತದೆ, ಒಳ್ಳೆ ಎಂಜಿನ್ನೇ ಕೆಟ್ಟದ್ದೆಂದು ಕಾಣುತ್ತದೆ. ಒಂದು ಸಿಲಿಂಡರ್ ಕಮ್ಮಿ ಬಂದರೆ ಲೀಕ್‌ಡೌನ್ ಪರೀಕ್ಷೆ, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವುದು. ಗಾಳಿ ಥ್ರಾಟಲ್ಲಿನಲ್ಲಿ ಸುಯ್ಯೆಂದರೆ ಇನ್‌ಟೇಕ್ ವಾಲ್ವ್, ಎಕ್ಸಾಸ್ಟ್ ಬಾಯಲ್ಲಾದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಾದರೆ ರಿಂಗ್, ಕೂಲಂಟಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ವಾಲ್ವ್ ಕವರ್ ತೆಗೆದು ಕ್ಯಾಮ್ ಲೋಬುಗಳ ಮೇಲೆ ಉಗುರು ಓಡಿಸಿ. ಉಗುರಿಗೆ ಸಿಗುವ ಗೀರು, ಗುಳಿ ಇದ್ದರೆ ಆ ಕ್ಯಾಮ್ ಕೆಲಸಕ್ಕೆ ಬಾರದು, ಅದರ ಮೇಲೆ ಉಜ್ಜುವ ರಾಕರೂ ಅಷ್ಟೇ. ಚೈನ್ ಕವರಿನಲ್ಲಿರುವ ಸಣ್ಣ ಮುಚ್ಚಳ ತೆಗೆದರೆ ಟೆನ್ಷನರಿನ ದಂಡ ಎಷ್ಟು ಹೊರಬಂದಿದೆ ಎನ್ನುವುದು ಕಾಣುತ್ತದೆ. ತುಂಬಾ ಹೊರಬಂದಿದ್ದರೆ ಚೈನ್ ಎಳೆದುಕೊಂಡಿದೆ ಎಂದರ್ಥ. ಗೇರ್ ಬಾಕ್ಸಿನ ಡ್ರೈನ್ ಪ್ಲಗ್ಗಿಗೆ ಅಯಸ್ಕಾಂತ ಇದೆ. ಅದರ ಮೇಲೆ ಕಾಡಿಗೆಯ ಹಾಗೆ ನುಣ್ಣಗೆ ಮೆತ್ತಿಕೊಂಡಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಬಾಕ್ಸ್ ಬಿಚ್ಚಲೇಬೇಕು. ಈ ಆರು ಗೇರಿನ ಬಾಕ್ಸಿನಲ್ಲಿ ಮೂರನೇ ಗೇರಿನ ಸಿಂಕ್ರೊ (ಗೇರನ್ನು ನಯವಾಗಿ ಕೂರಿಸುವ ಬಳೆ) ಸವೆಯುವುದು ಸಾಮಾನ್ಯ, ಕೊಳ್ಳುವಾಗ ಅದನ್ನೇ ಕೇಳಿ.

ಕ್ಲಚ್ ಸೆಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್, ಎರಡೂ ಆಕ್ಸಲ್ ಸೀಲ್, ಥರ್ಮೋಸ್ಟಾಟ್, ವಾಟರ್ ಪಂಪ್, ಬೆಲ್ಟ್, ಪ್ಲಗ್ ಇವನ್ನು ಕಣ್ಣುಮುಚ್ಚಿ ಬದಲಿಸಿ. ಫ್ಲೈವೀಲ್ ಬೋಲ್ಟ್ 122 ನ್ಯೂಟನ್ ಮೀಟರ್, ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ದೊಡ್ಡ ಬೋಲ್ಟ್ 64. ಆದರೆ ಎರಡರ ನಡುವೆ ಸಂದು ಉಳಿದಿರುವಾಗ ಬೋಲ್ಟ್ ಬಿಗಿದು ಎಳೆದುಕೊಳ್ಳಬೇಡಿ. ಸಂದು ಇದ್ದರೆ ಕ್ಲಚ್ ಪ್ಲೇಟ್ ನಡುವಿಗಿಲ್ಲ, ಇಲ್ಲವೇ ಎರಡನ್ನೂ ನೇರಕ್ಕೆ ಹಿಡಿಯುವ ಡೋವೆಲ್ ಪಿನ್ ಜಾಗದಲ್ಲಿಲ್ಲ. ಬೋಲ್ಟಿನಿಂದ ಎಳೆದ ಬಾಕ್ಸಿನ ಕಿವಿ ಮುರಿಯುತ್ತದೆ.

ಮೌಂಟಿಂಗ್ ಮತ್ತು ಸಂದು

ಎಡ, ಬಲ, ಹಿಂದೆ ಹೀಗೆ ಮೌಂಟಿಂಗ್ ಬ್ರ್ಯಾಕೆಟ್‌ಗಳ ಸಿದ್ಧ ಕಿಟ್ ಈ ಕೂಡಿಕೆಗೆ ಸಿಗುತ್ತದೆ. ಸ್ವಂತ ವೆಲ್ಡಿಂಗಿಗಿಂತ ಅದೇ ವಾಸಿ, ಯಾಕೆಂದರೆ ಆಕ್ಸಲ್, ಹೆಡರ್, ಗೇರ್ ಕೇಬಲ್ ಮಾಡುವವರೆಲ್ಲ ಎಂಜಿನ್ ಆ ಕಿಟ್ ಹೇಳುವ ಜಾಗದಲ್ಲೇ ಕೂರುತ್ತದೆ ಎಂದು ಲೆಕ್ಕ ಹಾಕಿರುತ್ತಾರೆ. ಎಂಜಿನ್ ಹತ್ತು ಮಿ.ಮೀ. ಪಕ್ಕಕ್ಕೆ ಸರಿದರೆ ಮೂರು ಸಾಮಾನು ಅಳತೆ ತಪ್ಪುತ್ತವೆ. ಒಂದೇ ತಯಾರಕರ ಮೌಂಟಿಂಗ್ ಮತ್ತು ಹೆಡರ್ ತೆಗೆದುಕೊಂಡರೆ ಜಗಳ ಕಮ್ಮಿ. ಮೌಂಟಿಂಗಿನ ರಬ್ಬರಿನಂಥ ಬುಷ್ ಗಡಸುತನ ದಿನಬಳಕೆಯ ಕಾರಿಗೆ ಶೋರ್ ಎ ಎಂಬ ಅಳತೆಯಲ್ಲಿ 60–70ರ ಒಳಗಿರಲಿ. 90ರ ಹತ್ತಿರ ಹೋದರೆ ಸಿಗ್ನಲ್ಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡ್ ಗಡಗಡ ಎನ್ನುತ್ತದೆ. ರೇಸ್ ಕಾರಿನವರು ಸಹಿಸಿಕೊಳ್ಳುತ್ತಾರೆ, ಮನೆಯವರು ಸಹಿಸುವುದಿಲ್ಲ.

ಜಾಗದ ಅಳತೆಗೆ ಪೂರ್ತಿ ಎಂಜಿನ್ ಬೇಡ. ಕ್ರ್ಯಾಂಕ್, ಪಿಸ್ಟನ್ ಇಲ್ಲದ ಗುಜರಿ ಬ್ಲಾಕ್, ಅದಕ್ಕೊಂದು ಕೆಟ್ಟ ಹೆಡ್, ಒಳಗೆ ಏನೂ ಇಲ್ಲದ ಗೇರ್ ಬಾಕ್ಸಿನ ಚಿಪ್ಪು ಸಿಕ್ಕರೆ ಇಬ್ಬರು ಎತ್ತಿ ಇಟ್ಟು ಇಳಿಸಿ ನೋಡಬಹುದು. ಇದಕ್ಕೆ ಖಾಲಿ ಎಂಜಿನ್ ಕೋಣೆ ಬೇಕಲ್ಲ, ನಿಮ್ಮ ಕಾರಿನಲ್ಲಿ ಇನ್ನೂ ಹಳೆ ಎಂಜಿನ್ ಇದೆ. ಅದೇ ಮಾದರಿಯ ಗುಜರಿ ಬಾಡಿ ಎಲ್ಲಾದರೂ ನಿಂತಿದ್ದರೆ ಅಲ್ಲೇ ಈ ಅಳತೆ ಮುಗಿಸಿಬಿಡಿ. ಸಿಗದಿದ್ದರೆ ಇದೊಂದನ್ನು ಮಾತ್ರ ಹಳೆ ಎಂಜಿನ್ ಇಳಿದ ದಿನಕ್ಕೆ ಬಿಡಬೇಕಾಗುತ್ತದೆ.

ಹೆಡರಿಗೂ ಫೈರ್‌ವಾಲಿಗೂ ನಡುವೆ 25 ಮಿ.ಮೀ. ಕನಿಷ್ಠ. ಮುಂದೆ ಇನ್‌ಟೇಕಿಗೂ ಫ್ಯಾನಿಗೂ 20. ಬಾಡಿಗೆ ಕಟ್ಟಿರುವ ಬ್ರೇಕ್ ಪೈಪು, ಪೆಟ್ರೋಲ್ ಪೈಪುಗಳಿಗೆ ಹೆಡರಿನಿಂದ ಇನ್ನೂ ದೂರ, ಜೊತೆಗೆ ನಡುವೆ ತಗಡಿನ ಮರೆ. ಬಾನೆಟ್ಟಿನ ಒಳಗಿನ ಸಂದಿಗೆ ಟೇಪ್ ತೂರುವುದಿಲ್ಲ. ವಾಲ್ವ್ ಕವರಿನ ಎತ್ತರದ ಜಾಗಗಳಲ್ಲಿ ಮೆತ್ತನೆ ಜೇಡಿಮಣ್ಣಿನ ಗುಡ್ಡೆ ಇಟ್ಟು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ತೆರೆದು, ಚಪ್ಪಟೆಯಾದ ಮಣ್ಣಿನ ದಪ್ಪವನ್ನು ವರ್ನಿಯರಿನಿಂದ ಅಳೆಯಿರಿ. ಮೌಂಟಿಂಗ್ ಬೋಲ್ಟುಗಳನ್ನು ಎಂಜಿನ್ನಿನ ಪೂರ್ತಿ ಭಾರ ಕೂತ ಮೇಲೆ, ಒಮ್ಮೆ ಎಂಜಿನ್ನನ್ನು ಕೈಯಿಂದ ಹಿಂದೆಮುಂದೆ ಅಲುಗಾಡಿಸಿ ಬಿಟ್ಟ ಮೇಲೆ ಬಿಗಿಯಬೇಕು. ಕ್ರೇನಿಗೆ ತೂಗುತ್ತಿರುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡೇ ಉಳಿಯುತ್ತದೆ, ಆಮೇಲೆ ಎಷ್ಟು ಮೆತ್ತಗಿನ ಬುಷ್ ಹಾಕಿದರೂ ನಡುಕ ಹೋಗುವುದಿಲ್ಲ.

ಗೇರು, ಕ್ಲಚ್ಚು, ಆಕ್ಸಲ್

ಹಳೆ ಬಾಕ್ಸಿಗೆ ಗೇರ್ ಹಾಕುತ್ತಿದ್ದುದು ಕಂಬಿ, ಹೊಸದಕ್ಕೆ ಕೇಬಲ್. ಆರ್‌ಎಸ್‌ಎಕ್ಸ್‌ನ ಲಿವರ್ ಪೆಟ್ಟಿಗೆಯನ್ನು ಸಿವಿಕ್ ನೆಲಕ್ಕೆ ಕೂರಿಸಲು ಅಡಾಪ್ಟರ್ ಪ್ಲೇಟ್ ಬೇಕು, ಕೇಬಲ್ ಹೊರಹೋಗಲು ನೆಲದಲ್ಲಿ ಕಿಂಡಿ ಕೊರೆಯಬೇಕು. ಕೊರೆದ ಅಂಚಿಗೆ ಅರ ಹಾಕಿ, ತುಕ್ಕು ನಿರೋಧಕ ಬಣ್ಣ ಬಳಿದು, ರಬ್ಬರ್ ಗ್ರಾಮೆಟ್ ಕೂರಿಸಿ. ಕೇಬಲ್ ಎಕ್ಸಾಸ್ಟ್ ಪೈಪಿನ ಮಗ್ಗುಲಲ್ಲೇ ಹಾಯುತ್ತದೆ. ಶಾಖ ತಡೆಯುವ ತೋಳು ಹಾಕದಿದ್ದರೆ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಗೇರ್ ಒಂದೊಂದಾಗಿ ಬಿಗಿಯಾಗತೊಡಗುತ್ತದೆ. ಜನ ಆಗ ಬಾಕ್ಸ್ ಕೆಟ್ಟಿತೆಂದು ಬಾಕ್ಸ್ ಬಿಚ್ಚುತ್ತಾರೆ.

ಗೇರಿನ ಅನುಪಾತ ದಿನದ ಓಡಾಟಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. ಆರನೇ ಗೇರು 0.738, ಫೈನಲ್ 4.389, ಎರಡೂ ಸೇರಿ 3.239. ಟೈರ್ 185/65 ಆರ್14 ಆದರೆ ಸುತ್ತಳತೆ ಸುಮಾರು 1.87 ಮೀಟರ್, ಗಂಟೆಗೆ 100 ಕಿ.ಮೀ.ಗೆ ಎಂಜಿನ್ ನಿಮಿಷಕ್ಕೆ ಸುಮಾರು 2,880 ಸುತ್ತು. 195/50 ಆರ್15 ಹಾಕಿದರೆ ಅದೇ ವೇಗಕ್ಕೆ 2,980ರ ಆಸುಪಾಸು.

ಕ್ಲಚ್ಚಿನ ಮಾಸ್ಟರ್ ಸಿಲಿಂಡರ್ ಸಿವಿಕ್‌ನದೇ ಉಳಿಯುತ್ತದೆ, ಸ್ಲೇವ್ ಹೊಸ ಬಾಕ್ಸಿನದು. ನಡುವಿನ ಪೈಪ್ ಮಾತ್ರ ಹೊಸದಾಗಿ ಮಾಡಿಸಬೇಕು. ಗೇರ್ ಬಾಕ್ಸ್ ಈಗ ಎಡಕ್ಕೆ ಹೋಗಿರುವುದರಿಂದ ಎಡ ಸ್ಟಿಯರಿಂಗಿನ ಕಾರಿಗೆ ಪೈಪ್ ಮೊಟಕು, ಬಲ ಸ್ಟಿಯರಿಂಗಿನದಕ್ಕೆ ಉದ್ದ, ಅದೂ ಬಿಸಿ ಹೆಡರಿನ ಹಿಂದಿನಿಂದಲೇ ಹಾಯಬೇಕಾದ ಉದ್ದ.

ಆಕ್ಸಲ್ ಈ ಯೋಜನೆಯಲ್ಲಿ ಎಲ್ಲಕ್ಕಿಂತ ಮೊದಲು ಅಳತೆ ತಪ್ಪುವ ಸಾಮಾನು. ಒಳತುದಿ ಕೆ ಬಾಕ್ಸಿಗೆ, ಹೊರತುದಿ ಸಿವಿಕ್ ಚಕ್ರದ ನಡುವಿನ ಹಬ್ಬಿಗೆ ಕೂರುವಂಥ ಸಿದ್ಧ ಆಕ್ಸಲ್ ಸಿಗುತ್ತದೆ. ಬಂದ ಕೂಡಲೇ ಹಬ್ಬಿನ ಕಡೆಯ ಹಲ್ಲು ಎಣಿಸಿ ಹಳೆಯದರೊಂದಿಗೆ ಹೋಲಿಸಿ. ಉದ್ದ ಸರಿಯೇ ಎಂದು ತಿಳಿಯಲು ಕಾರನ್ನು ಎತ್ತಿ, ಶಾಕ್ ಸ್ಪ್ರಿಂಗ್ ತೆಗೆದು, ಚಕ್ರವನ್ನು ಪೂರ್ತಿ ಇಳಿಬಿಟ್ಟು ಒಮ್ಮೆ, ಜಾಕಿನಿಂದ ಬಂಪ್ ಸ್ಟಾಪಿಗೆ ಮುಟ್ಟಿಸಿ ಒಮ್ಮೆ, ಸ್ಟಿಯರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಒಳ ಜಾಯಿಂಟಿಗೆ ಒಳಗೆ ಹೋಗಲೂ ಹೊರಬರಲೂ ಎಲ್ಲ ಸ್ಥಿತಿಯಲ್ಲೂ 5 ಮಿ.ಮೀ. ಆದರೂ ಉಳಿದಿರಬೇಕು. ಒಳಗೆ ಜಾಗವಿಲ್ಲದಿದ್ದರೆ ಗುಂಡಿಗೆ ಬಿದ್ದಾಗ ಆಕ್ಸಲ್ಲೇ ಡಿಫರೆನ್ಷಿಯಲ್ ಬೇರಿಂಗನ್ನು ಗುದ್ದುತ್ತದೆ. ಹೊರಗೆ ಕಮ್ಮಿಯಾದರೆ ಒಂದು ದಿನ ಜಾಯಿಂಟ್ ಬಿಚ್ಚಿಕೊಂಡು ಕಾರು ಅಲ್ಲೇ ನಿಲ್ಲುತ್ತದೆ. ಶಾಕಿನ ಕೆಳಗಿನ ಫೋರ್ಕ್ ಆಕ್ಸಲ್ಲನ್ನು ತಬ್ಬಿಕೊಂಡಿರುತ್ತದೆ, ಆ ಸಂದನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಹಬ್ಬಿನ 32 ಮಿ.ಮೀ. ನಟ್ಟಿಗೆ 181 ನ್ಯೂಟನ್ ಮೀಟರ್, ಪ್ರತಿ ಸಲ ಹೊಸ ನಟ್ಟು, ಬಿಗಿದ ಮೇಲೆ ಅದರ ಅಂಚನ್ನು ಕಾಲುವೆಗೆ ಬಡಿದು ಕೂರಿಸಬೇಕು. ಕೆಳಗಿನ ಬಾಲ್ ಜಾಯಿಂಟ್ 49–59. ಪಿನ್ನಿನ ತೂತು ಎದುರಾಗದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಿ, ಸಡಿಲಿಸಿ ಅಲ್ಲ.

ಪೆಟ್ರೋಲಿನ ಲೆಕ್ಕ

ಸಿವಿಕ್‌ನಲ್ಲಿ ಪೆಟ್ರೋಲ್ ಇಂಜೆಕ್ಟರುಗಳಿಗೆ ಹಂಚುವ ಕೊಳವೆಗೆ (ರೈಲ್) ಹೋಗಿ ಮಿಕ್ಕಿದ್ದು ಟ್ಯಾಂಕಿಗೆ ಮರಳುತ್ತದೆ. ಆರ್‌ಎಸ್‌ಎಕ್ಸ್‌ನಲ್ಲಿ ಮರಳುವ ಪೈಪಿಲ್ಲ, ಒತ್ತಡ ಕಾಯುವ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇದೆ. ಸಿವಿಕ್‌ನ ಎರಡು ಪೈಪಿನ ವ್ಯವಸ್ಥೆ ಉಳಿಸಿಕೊಂಡು ಕೆ20 ರೈಲಿನ ಜೊತೆ ಹೊರಗಿನ ರೆಗ್ಯುಲೇಟರ್ ಹಾಕುವುದೇ ಸಲೀಸು. ಒತ್ತಡ ಸುಮಾರು 3.4 ಬಾರ್. ಒಂದು ಸೂಕ್ಷ್ಮ ಇದೆ: ಟ್ಯಾಂಕಿನೊಳಗಿನ ರೆಗ್ಯುಲೇಟರಿಗೆ ಇನ್‌ಟೇಕಿನ ವ್ಯಾಕ್ಯೂಮ್ ತಲುಪುತ್ತಿರಲಿಲ್ಲ, ಒತ್ತಡ ಸದಾ ಒಂದೇ. ಹೊರಗಿನ ರೆಗ್ಯುಲೇಟರಿನ ಮೂತಿಗೆ ವ್ಯಾಕ್ಯೂಮ್ ಹೋಸ್ ಸಿಕ್ಕಿಸಿದರೆ ಐಡಲ್‌ನಲ್ಲಿ ಒತ್ತಡ ಅರ್ಧ ಬಾರಿಗೂ ಹೆಚ್ಚು ಇಳಿಯುತ್ತದೆ. ಇಸಿಯುವಿನ ಮೂಲ ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕೆನ್ನುವ ಲೆಕ್ಕ) ಇಟ್ಟುಕೊಂಡೇ ಹಾಗೆ ಮಾಡಿದರೆ ಐಡಲ್‌ನಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಕೆಮ್ಮುತ್ತದೆ. ಹೋಸ್ ಸಿಕ್ಕಿಸುವುದಾದರೆ ಟ್ಯೂನ್ ಮಾಡುವವರಿಗೆ ತಿಳಿಸಿ, ಇಲ್ಲವಾದರೆ ಮೂತಿಯನ್ನು ಹಾಗೇ ತೆರೆದಿಡಿ.

ಹಳೆ ಪಂಪ್ ಸಾಕೇ? ಒಂದು ಹಾರ್ಸ್‌ಪವರಿಗೆ ಗಂಟೆಗೆ ಸುಮಾರು 227 ಗ್ರಾಂ ಎಂದು ಹಿಡಿದರೆ 200ಕ್ಕೆ 45 ಕಿಲೋ, ಅಂದರೆ ಗಂಟೆಗೆ ಸುಮಾರು 61 ಲೀಟರ್. ಇಂಜೆಕ್ಟರ್ ಕಡೆಯಿಂದ ತಾಳೆ ನೋಡೋಣ: ನಿಮಿಷಕ್ಕೆ 310 ಸಿಸಿಯ ನಾಲ್ಕು, ಶೇ 85ರಷ್ಟು ಹೊತ್ತು ತೆರೆದಿದ್ದರೆ ಗಂಟೆಗೆ 63 ಲೀಟರ್. ಎರಡೂ ಕೂಡಿ ಬಂತು. ಕಾಲು ಪಾಲು ಹೆಚ್ಚಿಗೆ ಇಟ್ಟುಕೊಂಡರೆ 80 ಲೀಟರ್. ಪಂಪನ್ನು ಎಂಜಿನ್ ಓಡಿಸದೆ ಚಾಲೂ ಮಾಡಿ, ಒತ್ತಡ 3.4 ಬಾರ್ ಇರುವಂತೆ ನೋಡಿಕೊಂಡು, ಮರಳುವ ಪೈಪಿನ ತುದಿಯನ್ನು ಅಳತೆ ಡಬ್ಬಿಗೆ ಬಿಡಿ. 30 ಸೆಕೆಂಡಿನಲ್ಲಿ 670 ಮಿ.ಲೀ. ಬಂದರೆ ಪಂಪ್ ಸಾಕು. ಬಯಲಲ್ಲಿ, ಬ್ಯಾಟರಿ ವೈರನ್ನು ದೂರದಿಂದ ಜೋಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಮಾಡುವ ಪರೀಕ್ಷೆ ಇದು. ಕಮ್ಮಿ ಬಂದರೆ ಪಂಪನ್ನು ಬಯ್ಯುವ ಮೊದಲು ಅದರ ಕನೆಕ್ಟರಿನಲ್ಲೇ ವೋಲ್ಟೇಜ್ ನೋಡಿ. ಹಳೆ ವೈರಿನಲ್ಲಿ ಎರಡು ವೋಲ್ಟ್ ಸೋರಿಹೋದರೆ ಹೊಸ ಪಂಪೂ ಅಷ್ಟೇ ಕೊಡುತ್ತದೆ.

ವೈರಿಂಗ್ ಮತ್ತು ಇಸಿಯು

ಡಿಸ್ಟ್ರಿಬ್ಯೂಟರ್ ಹೋಯಿತು, ಪ್ರತಿ ಪ್ಲಗ್ಗಿನ ತಲೆಗೂ ಒಂದೊಂದು ಕಾಯಿಲ್ ಬಂತು. ಆರ್‌ಎಸ್‌ಎಕ್ಸ್‌ನ ಇಸಿಯುವಿನಲ್ಲಿ ಕಳವು ತಡೆಯುವ ಇಮೊಬಿಲೈಸರ್ ಇದೆ. ಅದರ ಕೀಲಿ ಇಲ್ಲದೆ ಪೆಟ್ರೋಲ್ ಬಿಡುವುದಿಲ್ಲ. ಇಸಿಯುವಿಗೆ ಹೊಂಡೇಟಾ ಕಂಪನಿಯ ಕೆ-ಪ್ರೊ ಬೋರ್ಡ್ ಸೇರಿಸಿದರೆ ಇಮೊಬಿಲೈಸರ್ ಆರಿಸಬಹುದು, ವಿಟೆಕ್, ಫ್ಯಾನ್ ಮುಂತಾದ್ದನ್ನೂ ನಮ್ಮ ಕಾರಿಗೆ ತಕ್ಕಂತೆ ಬದಲಿಸಬಹುದು. ಇದನ್ನು ಎಂಜಿನ್ನಿಗಿಂತ ಮೊದಲೇ ತೀರ್ಮಾನಿಸಿ, ಯಾಕೆಂದರೆ ಯಾವ ಇಸಿಯು ಎನ್ನುವುದರ ಮೇಲೆ ಯಾವ ಹಾರ್ನೆಸ್, ಯಾವ ಸೆನ್ಸರ್ ಎನ್ನುವುದೆಲ್ಲ ನಿಂತಿದೆ.

ಕೆ20 ಹಾರ್ನೆಸ್ಸನ್ನು ಸಿವಿಕ್ ಪ್ಲಗ್ಗುಗಳಿಗೆ ಸೇರಿಸುವ ಕನ್ವರ್ಷನ್ ಹಾರ್ನೆಸ್ ಸಿದ್ಧವಾಗಿ ಸಿಗುತ್ತದೆ. ಅದು ಬಂದ ಮೇಲೂ ಒಂದು ಹಾಳೆಯಲ್ಲಿ ಸಿಗ್ನಲ್ಲುಗಳನ್ನು ಬರೆದು ಒಂದೊಂದಕ್ಕೂ ಗುರುತು ಹಾಕಬೇಕು: ಇಗ್ನಿಷನ್ ಕರೆಂಟ್, ಮೇನ್ ರಿಲೇ, ಪೆಟ್ರೋಲ್ ಪಂಪ್, ಟ್ಯಾಕೋಮೀಟರ್, ಸ್ಪೀಡೋಮೀಟರ್, ಚೆಕ್ ಲೈಟ್, ಚಾರ್ಜಿಂಗ್ ಲೈಟ್, ಆಯಿಲ್ ಲೈಟ್, ಫ್ಯಾನ್, ಎಸಿ, ರಿವರ್ಸ್ ಲೈಟ್. ಬಿಸಿ ತೋರಿಸುವ ಮುಳ್ಳಿಗೆ ಸಿವಿಕ್‌ನಲ್ಲಿ ಒಂದೇ ವೈರಿನ ಬೇರೆ ಸೆನ್ಸರ್ ಇತ್ತು. ಅದನ್ನು ಕೂರಿಸಲು ಹೋಸಿನ ನಡುವೆ ಅಡಾಪ್ಟರ್ ಬೇಕು. ಇದನ್ನು ಮರೆತವರೇ ಹೆಚ್ಚು. ಮುಳ್ಳು ಏಳದ ಕಾರನ್ನು ಓಡಿಸುವುದೆಂದರೆ ಹೆಡ್ ಗ್ಯಾಸ್ಕೆಟ್ಟಿನ ಜೊತೆ ಜೂಜು.

ಹಳೆ ವೈರುಗಳನ್ನು ಮಲ್ಟಿಮೀಟರಿನಿಂದ ಮಾತ್ರ ನೋಡಿ ನಂಬಬೇಡಿ. ಒಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ಎನ್ನುತ್ತದೆ. 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ವೈರಿನ ತುದಿಗೆ ಹಚ್ಚಿ, ಉರಿಯುತ್ತಿರುವಾಗ ಅಳೆಯಿರಿ. ಸೊರಗಿದ ವೈರು ಅಲ್ಲೇ ಸಿಕ್ಕಿಬೀಳುತ್ತದೆ. ಇದು ಪಂಪು, ಮೇನ್ ರಿಲೇಯಂಥ ದಪ್ಪ ವೈರುಗಳಿಗೆ ಮಾತ್ರ. ಇಸಿಯುವಿನ ಸೆನ್ಸರ್ ವೈರಿಗೆ ಬಲ್ಬ್ ಹಚ್ಚಿದರೆ ಇಸಿಯುವನ್ನೇ ಸುಡುತ್ತೀರಿ. ಅರ್ತಿಂಗ್ ಮೂರು ಕಡೆ: ಬ್ಲಾಕಿನಿಂದ ಬಾಡಿಗೆ, ಗೇರ್ ಬಾಕ್ಸಿನಿಂದ ಬಾಡಿಗೆ, ಹಾರ್ನೆಸ್ಸಿನ ಅರ್ತ್ ಎಂಜಿನ್ನಿಗೆ. ಬಣ್ಣ ಕೆರೆದು ಲೋಹ ಹೊಳೆಯುವವರೆಗೆ ತಿಕ್ಕಿ ಬಿಗಿಯಿರಿ. ಸ್ಟಾರ್ಟರ್ ತಿರುಗುವಾಗ ಪಾಸಿಟಿವ್ ಕಡೆ ಅರ್ಧ ವೋಲ್ಟ್, ಅರ್ತ್ ಕಡೆ 0.3ಕ್ಕಿಂತ ಹೆಚ್ಚು ಸೋರಬಾರದು.

ತಂಪು, ಹೊಗೆ, ಬ್ರೇಕ್

ರೇಡಿಯೇಟರಿನ ಬಾಯಿಗಳು ಹೊಸ ಎಂಜಿನ್ನಿಗೆ ಎದುರಾಗುವುದಿಲ್ಲ, ಅದೂ ಮುಂದೆ ಇನ್‌ಟೇಕ್ ಬಂದು ಜಾಗ ಕಿತ್ತುಕೊಂಡಿದೆ. ಎಸಿ ಮತ್ತು ಪವರ್ ಸ್ಟಿಯರಿಂಗ್ ಎರಡನ್ನೂ ಉಳಿಸಿಕೊಳ್ಳುವವರು ಅವುಗಳ ಬ್ರ್ಯಾಕೆಟ್ ಕಿಟ್ಟನ್ನೂ ತೆಳು ಫ್ಯಾನನ್ನೂ ಮೊದಲೇ ತರಿಸಿಟ್ಟುಕೊಂಡು ಅಳೆಯಬೇಕು. ಆಮೇಲೆ ನೋಡೋಣ ಎಂದವರು ಎಸಿ ಇಲ್ಲದೆ ಓಡಿಸುತ್ತಿದ್ದಾರೆ. ಎಕ್ಸಾಸ್ಟಿಗೆ 63 ಮಿ.ಮೀ. ಪೈಪು ಈ ಶಕ್ತಿಗೆ ಸಾಕು. ಹೆಡರಿನ ನಂತರ ಫ್ಲೆಕ್ಸ್ ತುಂಡು ಹಾಕಲೇಬೇಕು, ಹಾಕದಿದ್ದರೆ ಎಂಜಿನ್ ವಾಲುವ ಬಲವೆಲ್ಲ ಹೆಡರಿನ ಬೆಸುಗೆಗೆ ಹೋಗಿ ಅದು ಬಿರುಕು ಬಿಡುತ್ತದೆ.

ಬ್ರೇಕ್ ಎಂಜಿನ್ನಿಗಿಂತ ಮೊದಲು ಬದಲಾಗಬೇಕು ಎನ್ನುವುದು ನಮ್ಮ ಹಟ. ಮುಂದೆ 262 ಮಿ.ಮೀ. ಡಿಸ್ಕ್, ಹಿಂದೆ ಡ್ರಮ್ ತೆಗೆದು ಡಿಸ್ಕ್, ಅದಕ್ಕೆ ತಕ್ಕ ಮಾಸ್ಟರ್ ಸಿಲಿಂಡರ್, 4040 ಎಂದು ಗುರುತಿರುವ ಪ್ರಪೋರ್ಷನಿಂಗ್ ವಾಲ್ವ್. ಹಿಂದೆ ಡಿಸ್ಕ್ ಹಾಕಿ ವಾಲ್ವ್ ಹಳೆಯದೇ ಬಿಟ್ಟರೆ ಮುಂದಿನ–ಹಿಂದಿನ ಹಂಚಿಕೆ ತಪ್ಪಿ ಬ್ರೇಕ್ ನಂಬಲಾಗದಂತಾಗುತ್ತದೆ. ಇದಿಷ್ಟೂ ಹಳೆ ಎಂಜಿನ್ನಿನಲ್ಲೇ ಓಡಿಸಿ ನೋಡಬಹುದಾದ ಕೆಲಸ.

ಇಳಿಸುವ ದಿನ, ಮೊದಲ ಸ್ಟಾರ್ಟ್

ಎಂಜಿನ್ನನ್ನು ಮೇಲಿನಿಂದ ಕ್ರೇನಿನಲ್ಲಿ ತೆಗೆಯುವುದಕ್ಕಿಂತ ಕೆಳಗಿನಿಂದ ಟ್ರಾಲಿಯ ಮೇಲೆ ಇಳಿಸುವುದು ಈ ಕಾರಿಗೆ ಒಪ್ಪುತ್ತದೆ. ಹೆಡರು, ಸ್ಟಾರ್ಟರು, ಹಾರ್ನೆಸ್ ಎಲ್ಲ ಕಟ್ಟಿಕೊಂಡ ಹೊಸ ಎಂಜಿನ್ ಅದೇ ದಾರಿಯಲ್ಲಿ ಮೇಲೇರುತ್ತದೆ. ಟ್ರಾಲಿ ಮೇಲಿಟ್ಟ ಎಂಜಿನ್ನಿನ ಎತ್ತರ ಅಳೆದು, ಅದಕ್ಕೆ 50 ಮಿ.ಮೀ. ಸೇರಿಸಿ, ಮುಂದಿನ ಅಡ್ಡಪಟ್ಟಿ ಅಷ್ಟು ಮೇಲೇರಬೇಕು. ನಿಮ್ಮ ಸ್ಟ್ಯಾಂಡು ಅಷ್ಟು ಎತ್ತರಕ್ಕೆ ಗಟ್ಟಿಯಾಗಿ ನಿಲ್ಲದಿದ್ದರೆ ಲಿಫ್ಟ್ ಇರುವ ಕಡೆ ಹೋಗಿ. ಇದರಲ್ಲಿ ಸಾಹಸ ಬೇಡ.

ಸ್ಟಾರ್ಟಿನ ಮೊದಲು ಆಯಿಲ್ ಒತ್ತಡದ ಸ್ವಿಚ್ ತೆಗೆದು ಅಲ್ಲಿಗೆ ಗೇಜ್ ಹಾಕಿ. ಆ ತೂತಿನ ಎಳೆ ಬ್ರಿಟಿಷ್ ಅಳತೆಯದು, ಇಂಚಿಗೆ 28. ಅಮೆರಿಕದ ಎನ್‌ಪಿಟಿ 1/8 ಫಿಟ್ಟಿಂಗಿನದು 27. ಕಣ್ಣಿಗೆ ಎರಡೂ ಒಂದೇ, ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಅಲ್ಯೂಮಿನಿಯಂ ಬಿರಿಯುತ್ತದೆ. ಸರಿಯಾದ ಅಡಾಪ್ಟರ್ ತನ್ನಿ. ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆದು, ಹತ್ತು ಹತ್ತು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ ಗೇಜಿನ ಮುಳ್ಳು ಏಳುವತನಕ ಕಾಯಿರಿ. ಗೇರ್ ಬಾಕ್ಸಿಗೆ ಸುಮಾರು ಒಂದೂವರೆ ಲೀಟರ್ ಆಯಿಲ್, ಕೊನೆ ಮಾತು ಮಟ್ಟದ ಪ್ಲಗ್ಗಿನದೇ.

ಸ್ಟಾರ್ಟ್ ಆಗಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಯಿಲ್ ಒತ್ತಡ ಐಡಲ್‌ನಲ್ಲಿ ಕನಿಷ್ಠ 70 ಕಿಲೋಪ್ಯಾಸ್ಕಲ್, 3,000 ಸುತ್ತಿಗೆ 300 ಇರಬೇಕು. ವಿಟೆಕ್ ಮೇಲೇಳದಿದ್ದರೆ ಗಾಬರಿ ಬೇಡ: ಎಂಜಿನ್ ತಣ್ಣಗಿದ್ದರೆ, ಆಯಿಲ್ ಮಟ್ಟ ಕಮ್ಮಿಯಿದ್ದರೆ, ವಿಟೆಕ್ ಆಯಿಲ್ ಸ್ವಿಚ್ಚಿನ ವೈರ್ ಬಿಟ್ಟಿದ್ದರೆ ಇಸಿಯು ಅದಕ್ಕೆ ಅಪ್ಪಣೆ ಕೊಡುವುದಿಲ್ಲ. ಕೂಲಂಟ್ ತುಂಬುವಾಗ ಕಾರಿನ ಮೂತಿ ಎತ್ತರಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿಟ್ಟು, ಫ್ಯಾನ್ ಎರಡು ಸಲ ತಾನಾಗಿ ತಿರುಗಿ ನಿಲ್ಲುವವರೆಗೆ ಓಡಿಸಿ. ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದ್ದರೆ ಒಳಗಿನ್ನೂ ಗಾಳಿ ಸಿಕ್ಕಿಕೊಂಡಿದೆ.

ಮೌಂಟಿಂಗ್, ಬಾಕ್ಸ್, ಆಕ್ಸಲ್, ಬಾಲ್ ಜಾಯಿಂಟಿನ ಪ್ರತಿ ಬೋಲ್ಟಿಗೂ ಬಿಗಿದ ಕೂಡಲೇ ಪೇಂಟ್ ಪೆನ್ನಿನಿಂದ ಗೆರೆ ಎಳೆಯಿರಿ. ಮೊದಲ 100 ಕಿ.ಮೀ. ಆದ ಮೇಲೆ ಟಾರ್ಚ್ ಹಿಡಿದು ಗೆರೆ ಜಾರಿದೆಯೇ ನೋಡಿದರಾಯಿತು, ಎಲ್ಲಕ್ಕೂ ಪಾನಾ ಹಾಕಬೇಕಿಲ್ಲ. ಹೆಡರಿನ ನಟ್ಟುಗಳನ್ನು ಮಾತ್ರ ಎಂಜಿನ್ ತಣಿದ ಮೇಲೆ ಕೈಯಾರೆ ಇನ್ನೊಮ್ಮೆ ಬಿಗಿಯಬೇಕು. ಹಾಗೆಯೇ ಎಡ ಆಕ್ಸಲ್ ಸೀಲಿನ ಕೆಳಗೆ ಬೆರಳಾಡಿಸಿ. ಆಕ್ಸಲ್ ಕೂರಿಸುವಾಗ ಸೀಲಿನ ತುಟಿ ಹರಿದಿದ್ದರೆ ಮೊದಲ ಎಣ್ಣೆ ಹನಿ ಇಲ್ಲೇ ಸಿಗುತ್ತದೆ.